ಹುಟ್ಟಿನಿಂದಲೇ ಕಳ್ಳರೆ? ‘ಉಚಲ್ಯಾ’ ಕೃತಿಯ ನೆಲೆಯಲ್ಲಿ ಒಂದು ವಿಚಾರ

ಅಪರಾಧವೆಂಬುದು ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಮೊಳೆಯುವ ಕೇಡು ಎಂದು ಭಾವಿಸುವುದು ಸುಲಭ. ಆದರೆ ಯಾವ ಕೃತ್ಯವನ್ನು ಅಪರಾಧವೆನ್ನಬೇಕು, ಯಾರನ್ನು ಅಪರಾಧಿಯೆನ್ನಬೇಕು ಎಂಬ ನಿರ್ಣಯದಲ್ಲಿ ರಾಜ್ಯಾಧಿಕಾರ, ಜೀವನೋಪಾಯ ಮತ್ತು ಜನಸಮುದಾಯದ ನಂಬಿಕೆ ಈ ಮೂರೂ ಪಾಲುಗೊಳ್ಳುತ್ತವೆ. ಈ ಮಾತಿಗೆ ನಿದರ್ಶನವಾಗಿ ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥೆ ‘ಉಚಲ್ಯಾ’ವನ್ನು ಪರಿಶೀಲಿಸಬಹುದು. 1987ರಲ್ಲಿ ಪ್ರಕಟವಾದ ಈ ಕೃತಿಗೆ 1988ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ‘ಉಚಲ್ಯಾ’ ಎಂದರೆ ಎತ್ತಿಕೊಂಡು ಹೋಗುವವನು. ಒಂದು ಸಮುದಾಯಕ್ಕೆ ಹೊರಗಿನವರು ಅಂಟಿಸಿದ ಹೆಸರೇ ಗ್ರಂಥದ ಹೆಸರಾಗಿದೆ.

ಈ ಹೆಸರಿನ ಬೆನ್ನಿಗೆ ಒಂದು ಶಾಸನವಿದೆ. 1857ರ ದಂಗೆಯ ಬಳಿಕ ಅಲೆಮಾರಿ ಜನರನ್ನು ಬ್ರಿಟಿಷ್ ಆಡಳಿತವು ಸಂಶಯದಿಂದ ಕಾಣತೊಡಗಿತು. ನೆಲೆಯಿಲ್ಲದವನಿಂದ ಕಂದಾಯವನ್ನು ವಸೂಲು ಮಾಡುವುದೂ ಕಷ್ಟ, ಅವನ ಮೇಲೆ ಕಣ್ಣಿಡುವುದೂ ಕಷ್ಟ. 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಜಾರಿಗೆ ಬಂದಿತು. ಇದರನ್ವಯ ಸರ್ಕಾರವು ಒಂದು ಸಮುದಾಯವನ್ನು ಅಪರಾಧಿಯೆಂದು ಘೋಷಿಸಿದರೆ ಆ ಘೋಷಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಾಯಿಸಲ್ಪಟ್ಟವರು ಹಾಜರಿ ಕೊಡಬೇಕಾಗಿತ್ತು. ಊರು ಬಿಡಲು ಪರವಾನಗಿ ಪಡೆಯಬೇಕಾಗಿತ್ತು. 1897ರ ತಿದ್ದುಪಡಿಯು ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವ ಅಧಿಕಾರವನ್ನೂ ನೀಡಿತು. ಉತ್ತರ ಭಾರತದಲ್ಲಿ ಆರಂಭವಾದ ಈ ಕಟ್ಟಳೆ 1911ರಲ್ಲಿ ಮದರಾಸು ಪ್ರಾಂತಕ್ಕೂ ವಿಸ್ತರಿಸಿತು. ಕೃತ್ಯ ನಡೆಯುವ ಮೊದಲೇ ಶಿಕ್ಷೆ ಸಿದ್ಧವಾಗಿತ್ತೆಂಬುದೇ ಈ ಶಾಸನದ ಸಾರ.

ರಾಜಕಾರಣ ಬರೆದ ಈ ಶಾಸನಕ್ಕೆ ನೆಲ ಹದ ಮಾಡಿದ್ದು ಅರ್ಥವ್ಯವಸ್ಥೆಯ ಪಲ್ಲಟ. ಕೊರಚರು, ಕೊರವರು ಕರಾವಳಿಯ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿಗೆ ಒಯ್ದು, ಧಾನ್ಯಕ್ಕೆ ಬದಲಾಯಿಸಿಕೊಳ್ಳುತ್ತಿದ್ದ ವರ್ತಕರು. ಲಂಬಾಣಿಗರ ಎತ್ತಿನ ಹಿಂಡುಗಳು ಸೈನ್ಯಗಳಿಗೇ ಧಾನ್ಯ ಪೂರೈಸುತ್ತಿದ್ದವು. 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆ ಇವರನ್ನೇ ನೆಚ್ಚಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುಮಾರ್ಗಗಳು ಬಂದವು, ಉಪ್ಪಿನ ಮೇಲೆ ಸರ್ಕಾರದ ಹತೋಟಿ ಬಿಗಿಯಾಯಿತು, ಅರಣ್ಯ ಶಾಸನಗಳು ಮೇವು ಬಿದಿರುಗಳಿಗೆ ಬೇಲಿ ಹಾಕಿದವು. ವ್ಯಾಪಾರ ತಪ್ಪಿದ ಮೇಲೂ ತಿರುಗಾಟ ತಪ್ಪಲಿಲ್ಲ. ಉದ್ಯೋಗವಿಲ್ಲದ ತಿರುಗಾಟವೇ ಅಪರಾಧದ ಸಾಕ್ಷ್ಯವೆನಿಸಿತು. ಒಂದು ಕಾಲದಲ್ಲಿ ಸೈನ್ಯಕ್ಕೆ ಅನ್ನವಿತ್ತವರ ಹೆಸರು ಕೆಲವು ಪ್ರಾಂತಗಳಲ್ಲಿ ಅಪರಾಧಿಗಳ ಪಟ್ಟಿಯನ್ನು ಸೇರಿತು.

ಮೂರನೆಯದು ಸಂಸ್ಕೃತಿಯ ಪಾತ್ರ. ನೇಯ್ಗೆ, ಬಡಗಿತನಗಳು ವಂಶಪಾರಂಪರ್ಯವಾಗಿ ಬರುವಂತೆ ಕಳ್ಳತನವೂ ಬರುತ್ತದೆಂಬುದು ಆಗಿನ ಅಧಿಕಾರಿಗಳ ವಾದವಾಗಿತ್ತು. ಈ ವಾದ ಅವರಿಗೆ ತೋರಿದ್ದು ನಮ್ಮ ಜಾತಿಪದ್ಧತಿಯನ್ನು ಕಂಡೇ. ವಿದೇಶೀಯರ ಶಾಸನವನ್ನು ಗ್ರಾಮದ ಜನ ಪ್ರತಿಭಟಿಸದೆ ಒಪ್ಪಿಕೊಂಡುದಕ್ಕೂ ಇದೇ ಕಾರಣ. ದೋಷವನ್ನೆಲ್ಲ ಪರಕೀಯರ ತಲೆಗೆ ಕಟ್ಟಿ ನಾವು ಶುದ್ಧರಾಗುವಂತಿಲ್ಲ.

ಸುಧಾರಣೆಯ ಹೆಸರಿನಲ್ಲಿ ನಡೆದುದೂ ವಿಚಾರಣೀಯವೇ. ತಂತಿಬೇಲಿಯೊಳಗಿನ ವಸತಿಗಳಲ್ಲಿ ಈ ಜನರನ್ನು ಇರಿಸಲಾಯಿತು. ಸೊಲ್ಲಾಪುರದಲ್ಲಿ ಅವರನ್ನು ಹತ್ತಿ ಗಿರಣಿಗಳ ದುಡಿಮೆಗೆ ಹಚ್ಚಿದರು. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಬಡಾವಣೆಗಳಿಗೆ ಇಂದಿಗೂ ಅಂಟಿಕೊಂಡಿದೆ. ದುಡಿಮೆ ದೊರೆಯಿತೆಂಬುದು ನಿಜ. ಆದರೆ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದ ದುಡಿಮೆಯನ್ನು ಅಭ್ಯುದಯವೆಂದು ಕರೆಯಬಹುದೆ?

1952ರ ಆಗಸ್ಟ್ 31ರಂದು ಸ್ವತಂತ್ರ ಭಾರತವು ಈ ಶಾಸನವನ್ನು ರದ್ದುಗೊಳಿಸಿತು. ಗಾಯಕವಾಡರು ಚಿತ್ರಿಸುವ ಬಾಲ್ಯ ಅದರ ನಂತರದ್ದು. ಆದರೂ ಮನೆಗೆ ಪೊಲೀಸರ ದಾಳಿ, ಥಳಿತ ತಪ್ಪುವುದಿಲ್ಲ. ಬಾಲಕ ಶಾಲೆಗೆ ಹೋದಾಗ ಕೇರಿಯ ಮಕ್ಕಳಿಗೆ ರೋಗ ಬಂದುದಕ್ಕೆ ಅವನ ಓದೇ ಕಾರಣವೆಂದು ಸ್ವಜನರೇ ದೂರುತ್ತಾರೆ. ಮುಂದೆ ನೂಲಿನ ಗಿರಣಿಯಲ್ಲಿ ದುಡಿದು, ಕಾರ್ಮಿಕರ ಹೋರಾಟಕ್ಕೆ ಇಳಿಯುವ ಯುವಕನನ್ನು ಕಾಣುತ್ತೇವೆ. ಕಳವನ್ನು ಲೇಖಕರು ವೈಭವೀಕರಿಸುವುದಿಲ್ಲ, ಮುಚ್ಚಿಡುವುದೂ ಇಲ್ಲ. ಓದುಗನ ಕನಿಕರವನ್ನು ಬೇಡುವುದಂತೂ ಇಲ್ಲವೇ ಇಲ್ಲ. ಈ ಸಂಯಮವೇ ಕೃತಿಯ ಶಕ್ತಿ. ಇದರ ಮಿತಿಯನ್ನೂ ಹೇಳಬೇಕು. ಕಣ್ಣೆದುರಿನ ಬವಣೆಯನ್ನು ಇಷ್ಟು ನಿಖರವಾಗಿ ಕೊಡುವ ಗ್ರಂಥವು, ಆ ಬವಣೆಯನ್ನು ತಂದ ಆರ್ಥಿಕ ಚರಿತ್ರೆಯನ್ನು ವಿಸ್ತರಿಸುವುದಿಲ್ಲ. ಅದನ್ನು ಅರಿಯದ ಓದುಗ, ಹಿಂದೆಯೂ ಈ ಜನ ಹೀಗೆಯೇ ಇದ್ದರೆಂದು ತಪ್ಪು ತಿಳಿಯುವ ಅಪಾಯವಿದೆ.

ಶಾಸನ ಹೋದರೂ ಅದರ ನೆರಳು ಹೋಗಲಿಲ್ಲ. ಹಲವು ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿಗಳ’ ಕಾಯಿದೆಗಳು ಬಂದವು. ಅವು ಸಮುದಾಯವನ್ನಲ್ಲ, ವ್ಯಕ್ತಿಯನ್ನು ಗುರಿಮಾಡಿದವೆಂಬುದು ಗ್ರಂಥದ ಮಾತು. ಠಾಣೆಯ ವಾಡಿಕೆ ಬೇರೆಯೇ ಆಗಿತ್ತು. ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿವಾರಣಾ ಸಮಿತಿಯು 2007ರಲ್ಲಿ ಇವುಗಳ ರದ್ದತಿಗೆ ಸಲಹೆಯಿತ್ತಿತು. ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು, ಕಾರಾಗೃಹ ಕೈಪಿಡಿಗಳಲ್ಲಿದ್ದ ಜಾತಿಯಾಧಾರಿತ ಕೆಲಸದ ಹಂಚಿಕೆಯನ್ನು ಅಸಾಂವಿಧಾನಿಕವೆಂದು ಸಾರಿ, ವಿಮುಕ್ತ ಸಮುದಾಯಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದೂ ಎಚ್ಚರಿಸಿತು. ರದ್ದತಿಯಾಗಿ ಎಪ್ಪತ್ತೆರಡು ವರ್ಷಗಳ ಬಳಿಕವೂ ಈ ಮಾತನ್ನು ಹೇಳಬೇಕಾಯಿತೆಂಬುದನ್ನು ಗಮನಿಸಬೇಕು. ಶಾಸನವನ್ನು ಒಂದು ದಿನದಲ್ಲಿ ಕಿತ್ತುಹಾಕಬಹುದು. ಭೂಮಿ, ಉದ್ಯೋಗ, ವಿದ್ಯೆಗಳನ್ನು ಕೊಡದಿದ್ದರೆ ಅದು ಕೊಟ್ಟ ಹೆಸರು ಉಳಿದೇ ಉಳಿಯುತ್ತದೆ.

ವ್ಯಾಪಾರದಲ್ಲಿ ತೊಡಗಿರುವ ಓದುಗರು ಇನ್ನೊಂದು ವಿಷಯವನ್ನು ಆಲೋಚಿಸಬೇಕು. ಕೊಳ್ಳುವವನಿಲ್ಲದೆ ಕಳವು ಕಸುಬಾಗಿ ನಿಲ್ಲಲಾರದು. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ನಮ್ಮ ಆಚಾರ್ಯರು ಕದ್ದ ವಸ್ತುವನ್ನು ಸ್ವೀಕರಿಸುವುದನ್ನೂ ಕಳ್ಳ ತಕ್ಕಡಿಯನ್ನೂ ಸೇರಿಸಿದ್ದಾರೆ. ಆದರೆ ಲೋಕದ ಪಟ್ಟಿಯಲ್ಲಿ ಕದ್ದವನ ಕುಲವಷ್ಟೇ ದಾಖಲಾಯಿತು. ಅಗ್ಗದ ಬೆಲೆಗೆ ಕೊಂಡವನ ಕುಲವನ್ನು ಯಾವ ಸರ್ಕಾರವೂ ಅಪರಾಧಿಯೆಂದು ಘೋಷಿಸಲಿಲ್ಲ.

ದೇವಾಲಯದಲ್ಲಿ ಒಂದು ವಸ್ತು ಕಾಣೆಯಾದಾಗ ಮೊದಲು ಯಾವ ಕೇರಿಯತ್ತ ಬೆರಳು ತೋರುತ್ತೇವೆ? ವಿದ್ಯಾರ್ಥಿನಿಲಯಕ್ಕೆ ಅರ್ಜಿ ಬಂದಾಗ, ಮಳಿಗೆಯಲ್ಲಿ ಕೆಲಸಕ್ಕೆ ಆಳು ಬೇಕಾದಾಗ ಯಾವ ಹೆಸರನ್ನು ಬದಿಗಿಡುತ್ತೇವೆ? ಕಾಯಿದೆ ಇಲ್ಲದ ಇಂದು ಈ ನಿರ್ಣಯಗಳು ಟ್ರಸ್ಟುಗಳ ಸಭೆಗಳಲ್ಲಿ, ಅಂಗಡಿಯ ಗಲ್ಲೆಯ ಮುಂದೆ ಆಗುತ್ತವೆ. ಅಲ್ಲಿ ಮನುಷ್ಯನನ್ನು ಅವನ ನಡತೆಯಿಂದ ಅಳೆದರೆ, 1952ರಲ್ಲಿ ಆರಂಭವಾಗಿ ಅರ್ಧಕ್ಕೆ ನಿಂತ ಕಾರ್ಯದಲ್ಲಿ ನಮ್ಮ ಪಾಲು ಪೂರ್ಣವಾದೀತು.