ಇಪ್ಪತ್ತು ಪಟ್ಟು ತೂಕ

ಸೀಸದ ನ್ಯೂಕ್ಲಿಯಸ್ಸಿನಲ್ಲಿ 82 ಪ್ರೋಟಾನುಗಳಿವೆ, 126 ನ್ಯೂಟ್ರಾನುಗಳಿವೆ. ಇವನ್ನು ಒಟ್ಟಿಗೆ ಹಿಡಿದಿಟ್ಟಿರುವ ಬಂಧನಶಕ್ತಿ ತಲಾ ಸುಮಾರು 8 ಎಂಇವಿ. ಒಂದು ಪ್ರೋಟಾನಿನ ದ್ರವ್ಯರಾಶಿಯೇ 938 ಎಂಇವಿ. ನೂರಕ್ಕೆ ಒಂದರಷ್ಟೂ ಇಲ್ಲದ ಈ ಬಿಗಿತ ಪ್ರೋಟಾನಿನ ಒಳಗಿನ ಕ್ವಾರ್ಕ್, ಗ್ಲೂಆನ್‌ಗಳನ್ನು ತಟ್ಟಲಾರದು ಎಂದು 1983ರ ತನಕ ಬಹುತೇಕರು ನಂಬಿದ್ದರು. ಆ ವರ್ಷ ಸರ್ನ್‌ನ ಯುರೋಪಿಯನ್ ಮ್ಯುಆನ್ ಸಹಯೋಗ ಕಬ್ಬಿಣಕ್ಕೂ ಡ್ಯೂಟೀರಿಯಮ್ಮಿಗೂ ಮ್ಯುಆನ್‌ಗಳನ್ನು ಗುರಿಯಿಟ್ಟು ಹೊಡೆದು, ಎರಡರ ಫಲಿತಾಂಶವನ್ನು ಹೋಲಿಸಿ ಪ್ರಕಟಿಸಿತು. ಅನುಪಾತ ಒಂದರ ಬಳಿ ನಿಲ್ಲಲಿಲ್ಲ. ಪ್ರೋಟಾನಿನ ಸಂವೇಗದ ದೊಡ್ಡ ಪಾಲು ಹೊತ್ತ ಕ್ವಾರ್ಕ್‌ಗಳು ಕಬ್ಬಿಣದಲ್ಲಿ ಎಣಿಸಿದ್ದಕ್ಕಿಂತ ಕಡಿಮೆ ಇದ್ದವು.

ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಇದಾದ ಮೇಲೆ ನಡೆದದ್ದು ನನಗೆ ಇನ್ನೂ ಇಷ್ಟ. ಅಲ್ಲಿ ವರ್ಷಗಳ ಹಿಂದೆ ದ್ರವ ಹೈಡ್ರೋಜನ್ ತುಂಬಿದ ಲೋಹದ ಡಬ್ಬಿಗೆ ಎಲೆಕ್ಟ್ರಾನ್ ಹೊಡೆದಿದ್ದರು. ಡಬ್ಬಿಯ ಗೋಡೆಯಿಂದ ಬರುವ ಪಾಲನ್ನು ಕಳೆಯಬೇಕಲ್ಲ, ಅದಕ್ಕಾಗಿ ಖಾಲಿ ಡಬ್ಬಿಗೂ ಹೊಡೆದು ಲೆಕ್ಕ ಬರೆದಿಟ್ಟಿದ್ದರು. ಕಳೆದು ಮರೆತುಬಿಡಬೇಕಾದ ಲೆಕ್ಕ ಅದು. ಆದರೆ ಗೋಡೆ ಇದ್ದದ್ದು ಉಕ್ಕು ಮತ್ತು ಅಲ್ಯುಮಿನಿಯಮ್ಮಿನದು. 1983ರಲ್ಲೇ ಆ ಹಳೆಯ ದಾಖಲೆ ತೆಗೆದು ನೋಡಿದರೆ, ಯುರೋಪಿನವರು ಕಬ್ಬಿಣದಲ್ಲಿ ಕಂಡ ಇಳಿಜಾರು ಖಾಲಿ ಡಬ್ಬಿಯ ಗೋಡೆಯಲ್ಲೂ ಇತ್ತು. ಒಂದು ಅಳತೆಯನ್ನು ಕಸವೆಂದು ಕಳೆಯಬೇಕೋ ಸಾಕ್ಷ್ಯವೆಂದು ಉಳಿಸಿಕೊಳ್ಳಬೇಕೋ, ಉಳಿಸಿಕೊಂಡರೆ ಎಷ್ಟು ತೂಕ ಕೊಡಬೇಕು ಎಂಬ ಪ್ರಶ್ನೆ ಈ ಕ್ಷೇತ್ರದ ಬೆನ್ನು ಬಿಟ್ಟಿಲ್ಲ. ಭಾರ ಅಯಾನುಗಳ ಡಿಕ್ಕಿಯನ್ನು ಅರ್ಥಮಾಡಿಕೊಳ್ಳಲು ಜಗತ್ತಿನಾದ್ಯಂತ ಬಳಸುವ ಒಂದು ಕೆಲಸವನ್ನು ಇದೇ ಪ್ರಶ್ನೆಯ ಒರೆಗೆ ಹಚ್ಚಿ ನೋಡಬೇಕೆಂಬುದು ನನ್ನ ಉದ್ದೇಶ.

ಆ ಕೆಲಸ ಫಿನ್ಲೆಂಡಿನ ಯುವಾಸ್ಕುಲ ವಿಶ್ವವಿದ್ಯಾಲಯದ ಕಾರಿ ಎಸ್ಕೋಲ, ಹನ್ನು ಪೌಕ್ಕುನೆನ್ ಹಾಗೂ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾದ ಕಾರ್ಲೋಸ್ ಸಾಲ್ಗಾಡೊ ಅವರದು. ಮುಂದೆ ಪೆಟ್ಯಾ ಪಾಕ್ಕಿನೆನ್ ಜೊತೆಯಾದರು. 2009ರ ಇಪಿಎಸ್09, 2016ರ ಇಪಿಪಿಎಸ್16, 2021ರ ಇಪಿಪಿಎಸ್21 ಎಂಬ ಮೂರು ಆವೃತ್ತಿಗಳನ್ನು ಒಂದೇ ಗ್ರಂಥದ ಮೂರು ಪರಿಷ್ಕರಣೆಗಳಂತೆ ಓದಬಹುದು. ಸೀಸದೊಳಗಿನ ಪ್ರೋಟಾನಿನಲ್ಲಿ ಒಂದು ಪಾರ್ಟಾನ್, ಅಂದರೆ ಕ್ವಾರ್ಕ್ ಅಥವಾ ಗ್ಲೂಆನ್, ಸಂವೇಗದ ಇಂತಿಷ್ಟು ಪಾಲು ಹೊತ್ತಿರುವ ಸಾಧ್ಯತೆಯನ್ನು ಬಿಡಿ ಪ್ರೋಟಾನಿನ ಸಾಧ್ಯತೆಗೆ ಹೋಲಿಸಿದರೆ ಎಷ್ಟು ಎಂಬುದನ್ನು ಇವರು ವಕ್ರರೇಖೆಗಳಾಗಿ ಕೊಡುತ್ತಾರೆ. ಆ ಪಾಲಿಗೆ ಎಕ್ಸ್ ಎಂದು ಹೆಸರು. ಎಕ್ಸ್ 0.3ರಿಂದ 0.7ರವರೆಗೆ ಕಬ್ಬಿಣದಲ್ಲಿ ಕಂಡ ಆ ತಗ್ಗು, 0.1ರ ಆಸುಪಾಸಿನಲ್ಲಿ ಸಣ್ಣ ಉಬ್ಬು, ಅದಕ್ಕೂ ಕೆಳಗೆ ನೆರಳು.

ನೆರಳಿನ ಬಗ್ಗೆ ಒಂದಿಷ್ಟು ಬಿಡಿಸಿ ಹೇಳಬೇಕು. ಎಕ್ಸ್ 0.01 ಇರುವ ಪಾರ್ಟಾನನ್ನು ತಡವುವ ಕ್ರಿಯೆ ಹರಡಿಕೊಳ್ಳುವ ಉದ್ದ ಸುಮಾರು 10 ಫರ್ಮಿ. ಸೀಸದ ನ್ಯೂಕ್ಲಿಯಸ್ಸಿನ ತ್ರಿಜ್ಯ 7 ಫರ್ಮಿಯಷ್ಟೇ. ಹಾಗಾಗಿ ಆ ತಡವಿಕೆ ಒಂದು ಪ್ರೋಟಾನಿನದೆಂದು ಹೇಳಿ ಮುಗಿಸುವಂತಿಲ್ಲ. ಸಾಲಾಗಿ ನಿಂತ ಹಲವು ಪ್ರೋಟಾನು, ನ್ಯೂಟ್ರಾನುಗಳು ಒಟ್ಟಿಗೆ ಅದರಲ್ಲಿ ಸಿಲುಕುತ್ತವೆ. ಮುಂದಿನವು ಹಿಂದಿನವನ್ನು ಮರೆಮಾಡುತ್ತವೆ. 208 ಬಿಡಿ ಕಣಗಳ ಮೊತ್ತಕ್ಕಿಂತ ಸೀಸ ಕಡಿಮೆ ಕಾಣುತ್ತದೆ.

ಭಾರ ಅಯಾನುಗಳ ಡಿಕ್ಕಿಯಲ್ಲಿ ಇದು ಯಾಕೆ ನಿರ್ಣಾಯಕ? ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಚಿನ್ನಕ್ಕೆ ಚಿನ್ನ ಢಿಕ್ಕಿ ಹೊಡೆಸಿದಾಗ ಹೆಚ್ಚು ಶಕ್ತಿಯ ಕಣಗಳು ನಿರೀಕ್ಷೆಗಿಂತ ತೀರಾ ಕಡಿಮೆ ಹೊರಬಂದವು. ಡಿಕ್ಕಿಯಲ್ಲಿ ಹುಟ್ಟುವ ಕುದಿಯುವ ಕ್ವಾರ್ಕ್-ಗ್ಲೂಆನ್ ದ್ರವ ಅವನ್ನು ತಡೆಯಿತೇ, ಅಥವಾ ಚಿನ್ನದಲ್ಲಿ ಮೊದಲೇ ಪಾರ್ಟಾನ್‌ಗಳ ಕೊರತೆ ಇತ್ತೇ? 2003ರಲ್ಲಿ ಡ್ಯೂಟೆರಾನನ್ನು ಚಿನ್ನಕ್ಕೆ ಹೊಡೆಸಿ ನೋಡಿದರು. ದ್ರವ ರೂಪುಗೊಳ್ಳದೆಂದು ಎಣಿಸಿದ್ದ ಆ ಡಿಕ್ಕಿಯ ನಡುಭಾಗದಲ್ಲಿ ಕೊರತೆ ಕಾಣಲಿಲ್ಲ. ತಡೆದದ್ದು ದ್ರವವೇ ಎಂದು ಸ್ಪಷ್ಟವಾಯಿತು. ಆದರೆ ಸರ್ನ್‌ನ ಎಲ್‌ಎಚ್‌ಸಿಯಲ್ಲಿ ಶಕ್ತಿ ಹಲವು ಪಟ್ಟು ಹೆಚ್ಚು, ಎಕ್ಸ್ ಅದಕ್ಕೆ ತಕ್ಕಂತೆ ಸಣ್ಣದು. ಅಲ್ಲಿ ನೆರಳಿನ ಲೆಕ್ಕ ಇಲ್ಲದೆ ದ್ರವದ ಲೆಕ್ಕ ಹುಟ್ಟುವುದಿಲ್ಲ.

ಈಗ ತೂಕದ ಮಾತು. ಇಪಿಎಸ್09ರಲ್ಲಿ 929 ದತ್ತಾಂಶ ಬಿಂದುಗಳಿವೆ. ಬಹುಪಾಲು ಕ್ವಾರ್ಕ್‌ಗಳ ಬಗ್ಗೆ ಮಾತಾಡುತ್ತವೆ. ಗ್ಲೂಆನ್ ಬಗ್ಗೆ ನೇರವಾಗಿ ಏನಾದರೂ ಹೇಳಬಲ್ಲವು ಬ್ರೂಕ್‌ಹೇವನ್ನಿನ ಫೀನಿಕ್ಸ್ ಪ್ರಯೋಗ ಅಳೆದ ಪಯಾನ್ ಕಣಗಳ ಕೆಲವೇ ಬಿಂದುಗಳು. ಸಮನಾಗಿ ತೂಗಿದರೆ ಈ ಕ್ಷೀಣ ದನಿ ಗುಂಪಿನಲ್ಲಿ ಕೇಳಿಸದು. ಅದಕ್ಕೆ ಲೇಖಕರು ಆ ಬಿಂದುಗಳಿಗೆ ಇಪ್ಪತ್ತು ಪಟ್ಟು ತೂಕ ಕೊಟ್ಟರು. ಮುಚ್ಚಿಡಲಿಲ್ಲ, ಪ್ರಬಂಧದಲ್ಲೇ ಬರೆದರು. ಆದರೂ ಅದು ತಕ್ಕಡಿಗೆ ಕೈ ಇಟ್ಟಂತೆಯೇ ಎಂದು ನಾನು ಹೇಳುತ್ತೇನೆ. ಗ್ಲೂಆನ್ ವಕ್ರರೇಖೆಯ ಸುತ್ತ ಅವರು ಬಳಿದ ಅನಿಶ್ಚಿತತೆಯ ಪಟ್ಟಿಯ ಅಗಲ ಆ ಆಯ್ಕೆಯಿಂದಲೂ ಬಂದದ್ದು, ಪ್ರಕೃತಿಯಿಂದ ಮಾತ್ರ ಅಲ್ಲ.

ಇದು ಬರೀ ಸೈದ್ಧಾಂತಿಕ ತಕರಾರಲ್ಲ ಎಂಬುದಕ್ಕೆ 2012ರಲ್ಲಿ ಪುರಾವೆ ಸಿಕ್ಕಿತು. ದೆ ಫ್ಲೋರಿಯನ್, ಸಸ್ಸೊ, ಸ್ಟ್ರಾಟ್‌ಮನ್, ಸುರಿತಾ ಎಂಬ ನಾಲ್ವರು ಅದೇ ಫೀನಿಕ್ಸ್ ಪಯಾನ್‌ಗಳನ್ನು ಬೇರೆಯೇ ರೀತಿಯಲ್ಲಿ ವಿವರಿಸಿದರು. ಪಾರ್ಟಾನ್ ಒಡೆದು ಪಯಾನ್ ಆಗುವ ಹಂತವೇ ನ್ಯೂಕ್ಲಿಯಸ್ಸಿನಲ್ಲಿ ಬದಲಾಗುತ್ತದೆ ಎಂದು ಹಿಡಿದರೆ ಗ್ಲೂಆನ್ ಹೆಚ್ಚೂಕಡಿಮೆ ಇದ್ದಂತೆಯೇ ಇರಬಹುದು. ಒಂದೇ ಅಳತೆಗೆ ಎರಡು ಕಥೆಗಳು, ಎರಡೂ ಚೆನ್ನಾಗಿ ಹೊಂದುತ್ತವೆ.

ತೀರ್ಪು ಬಂದದ್ದು ಎಲ್‌ಎಚ್‌ಸಿಯಿಂದ. 2013ರ ಆರಂಭದಲ್ಲಿ ಪ್ರೋಟಾನ್ ಮತ್ತು ಸೀಸವನ್ನು 5.02 ಟಿಇವಿಯಲ್ಲಿ ಢಿಕ್ಕಿ ಹೊಡೆಸಿದಾಗ ಸಿಎಂಎಸ್ ಪ್ರಯೋಗ ಜೋಡಿ ಜೆಟ್‌ಗಳನ್ನು, ಅಂದರೆ ಎದುರುಬದುರು ಚಿಮ್ಮುವ ಎರಡು ಕಣಪುಂಜಗಳನ್ನು, ಅಳೆಯಿತು. ಜೆಟ್‌ನಲ್ಲಿ ಪಯಾನ್ ಹೇಗೆ ಹುಟ್ಟಿತೆಂಬ ಗೋಜಲು ಇಲ್ಲ. ಆ ಅಳತೆ ಇಪಿಎಸ್09ರ ಗ್ಲೂಆನ್ ಕಡೆಗೆ ವಾಲಿತು. ಸೀಸದ ಎರಡು ನ್ಯೂಕ್ಲಿಯಸ್‌ಗಳು ಮೈ ತಾಗಿಸದೆ ಪಕ್ಕದಲ್ಲೇ ಹಾದುಹೋಗುವಾಗ ಫೋಟಾನಿನಿಂದ ಹುಟ್ಟುವ ಜೆ-ಸೈ ಕಣಗಳನ್ನು ಆಲಿಸ್ ಪ್ರಯೋಗ ಅಳೆದಾಗಲೂ ಇಪಿಎಸ್09ರಂಥ ನೆರಳೇ ಹೊಂದಿತು. ಅವರ ಊಹೆ ನಿಜವಾಯಿತು, ಸಂತೋಷ. ಆದರೆ ಉತ್ತರ ಸರಿ ಬಂದ ಮಾತ್ರಕ್ಕೆ ಲೆಕ್ಕ ಮಾಡಿದ ರೀತಿ ಸರಿಯಾಗುವುದಿಲ್ಲ, ಮತ್ತು ಇದನ್ನು ಆ ಲೇಖಕರೇ ಒಪ್ಪಿಕೊಂಡರು.

ಇಪಿಪಿಎಸ್16ನ್ನು ನಾನು ಈ ಸರಣಿಯ ಶ್ರೇಷ್ಠ ಕೃತಿ ಎನ್ನುವುದು ಇದಕ್ಕೇ. ಬಿಂದುಗಳ ಸಂಖ್ಯೆ 1811ಕ್ಕೆ ಏರಿತು, ಎಲ್‌ಎಚ್‌ಸಿಯ ಜೆಟ್‌ಗಳು ಬಂದವು, ನ್ಯೂಟ್ರಿನೊ ಅಳತೆಗಳು ಬಂದವು. ಹೆಚ್ಚುವರಿ ತೂಕಗಳನ್ನು ಕಿತ್ತುಹಾಕಿದರು. ಮೇಲ್ ಕ್ವಾರ್ಕ್, ಕೆಳ ಕ್ವಾರ್ಕ್, ವಿಚಿತ್ರ ಕ್ವಾರ್ಕ್ ಎಲ್ಲವೂ ಒಂದೇ ರೀತಿ ಬದಲಾಗುತ್ತವೆ ಎಂಬ ಹಳೆಯ ಗೃಹೀತವನ್ನೂ ಕೈಬಿಟ್ಟರು. ಪರಿಣಾಮವಾಗಿ ಅನಿಶ್ಚಿತತೆಯ ಪಟ್ಟಿ ಇಪಿಎಸ್09ಕ್ಕಿಂತ ಅಗಲವಾಯಿತು. ಮಾಹಿತಿ ಹೆಚ್ಚಾದ ಮೇಲೆ ಅಜ್ಞಾನವೂ ಹೆಚ್ಚಾಯಿತೇ ಎಂದು ಯಾರಾದರೂ ಕೇಳಬಹುದು. ಅಜ್ಞಾನ ಮೊದಲೂ ಅಷ್ಟೇ ಇತ್ತು, ಗೃಹೀತಗಳ ಕೆಳಗೆ ಅಡಗಿತ್ತು. ಪ್ರತಿ ಹೊಸ ಆವೃತ್ತಿಯೂ ಹಿಂದಿನದಕ್ಕಿಂತ ನಿಖರ ಎಂದು ಹೇಳಿಕೊಳ್ಳಬೇಕಾದ ಒತ್ತಡದ ನಡುವೆ ಅಗಲವಾದ ಪಟ್ಟಿಯನ್ನು ಪ್ರಕಟಿಸಲು ಗಟ್ಟಿತನ ಬೇಕು.

ಇಪಿಪಿಎಸ್21ರ ಬಗ್ಗೆ ನನಗೆ ಇಷ್ಟು ನೆಮ್ಮದಿಯಿಲ್ಲ. ಎಲ್‌ಎಚ್‌ಸಿಬಿ ಪ್ರಯೋಗ ಅಳೆದ ಡಿ ಮೆಸಾನ್ ಕಣಗಳು ಒಳಬಂದು, ಸಣ್ಣ ಎಕ್ಸ್‌ನ ಗ್ಲೂಆನ್ ಪಟ್ಟಿ ಒಮ್ಮೆಲೇ ಕಿರಿದಾಯಿತು. 3 ಜಿಇವಿಗಿಂತ ಕಡಿಮೆ ಅಡ್ಡ ಸಂವೇಗದ ಮೆಸಾನ್‌ಗಳನ್ನು ಬಿಟ್ಟಿರುವುದು ವಿವೇಕದ ಕ್ರಮ. ಆದರೆ ಡಿ ಮೆಸಾನ್‌ಗಳ ಕೊರತೆಗೆ ನೆರಳೊಂದೇ ಕಾರಣವೇ? ಸೀಸವನ್ನು ಹಾಯುವಾಗ ಪಾರ್ಟಾನ್ ಶಕ್ತಿ ಕಳೆದುಕೊಳ್ಳುತ್ತದೆ, ಕೊರತೆಯ ಗಣನೀಯ ಪಾಲು ಅದರಿಂದಲೇ ಬರಬಹುದು ಎಂದು ಭೌತವಿಜ್ಞಾನಿಗಳಾದ ಆರ್ಲಿಯೊ ಮತ್ತು ಪೆನ್ಯೆ ವಾದಿಸುತ್ತಾ ಬಂದಿದ್ದಾರೆ. ಆ ವಾದ ಅರ್ಧ ಸತ್ಯವಾದರೂ ಇಪಿಪಿಎಸ್21ರ ನೆರಳು ಬೇರೊಂದರ ಹೊರೆಯನ್ನೂ ಹೊತ್ತಿದೆ. ಇಂಥ ಹೊರೆಯನ್ನು 24 ನಿಯತಾಂಕಗಳನ್ನು ದತ್ತಾಂಶಕ್ಕೆ ಹೊಂದಿಸುವ ಫಿಟ್ ಸದ್ದಿಲ್ಲದೆ ನುಂಗಿಕೊಳ್ಳಬಲ್ಲದು. ಹೊಂದಾಣಿಕೆ ಚೆನ್ನಾಗಿದ್ದರೂ ಕಾರಣ ಸಿಕ್ಕಿತೆಂದು ಅರ್ಥವಲ್ಲ ಎಂಬುದನ್ನು ಪಯಾನ್ ಪ್ರಕರಣ ಇವರಿಗೇ ಕಲಿಸಿತ್ತು. ಸಿಎಂಎಸ್ ಜೋಡಿ ಜೆಟ್‌ಗಳ ತೀರಾ ಮುಂದಿನ ಕೋನದ ಬಿಂದುಗಳಿಗೆ ಫಿಟ್ ಸರಿಯಾಗಿ ಹೊಂದದಿರುವುದನ್ನು ಅವರು ಮರೆಮಾಚದೆ ತೋರಿಸಿದ್ದಾರೆ. ಓದುವವರು ಮೊದಲು ಆ ಚಿತ್ರಕ್ಕೇ ಹೋಗಬೇಕು.

ಬಳಸುವವರ ಮೇಲೂ ನನ್ನದೊಂದು ದೂರಿದೆ. ಇಪಿಪಿಎಸ್21ರ ಜೊತೆ ಅನಿಶ್ಚಿತತೆಯನ್ನು ಅಳೆಯುವ 106 ದೋಷದ ಸೆಟ್‌ಗಳು ಬರುತ್ತವೆ, ನ್ಯೂಕ್ಲಿಯಸ್ಸಿನವು 48, ಆಧಾರವಾಗಿರುವ ಬಿಡಿ ಪ್ರೋಟಾನಿನವು 58. ಮಧ್ಯದ ಒಂದೇ ಗೆರೆಯನ್ನು ತೆಗೆದುಕೊಂಡು ದ್ರವದ ಗುಣಗಳನ್ನು ಲೆಕ್ಕಹಾಕಿದರೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

2025ರ ಜುಲೈನಲ್ಲಿ ಎಲ್‌ಎಚ್‌ಸಿ ಮೊದಲ ಬಾರಿಗೆ ಆಮ್ಲಜನಕಕ್ಕೆ ಆಮ್ಲಜನಕವನ್ನು, ಪ್ರೋಟಾನಿಗೆ ಆಮ್ಲಜನಕವನ್ನು ಢಿಕ್ಕಿ ಹೊಡೆಸಿತು. ಕೇವಲ 16 ಕಣಗಳ ಈ ಪುಟ್ಟ ನ್ಯೂಕ್ಲಿಯಸ್ಸಿನಲ್ಲಿ ದ್ರವದ ತಡೆ ಸಣ್ಣದು, ನೆರಳೂ ಸಣ್ಣದು, ಎರಡೂ ಹೆಚ್ಚೂಕಡಿಮೆ ಒಂದೇ ಗಾತ್ರದವು. ಆಮ್ಲಜನಕದ ಗ್ಲೂಆನ್ ಬಗ್ಗೆ ಇಪಿಪಿಎಸ್21 ಹೇಳುವುದು ಬಹುಪಾಲು ಸೀಸದಿಂದ ಇಳಿಸಿ ತಂದ ಅಂದಾಜು. ಪ್ರೋಟಾನ್-ಆಮ್ಲಜನಕ ಡಿಕ್ಕಿಯ ಜೋಡಿ ಜೆಟ್‌ಗಳನ್ನು ಅಳೆದರೆ ಆ ಅಂದಾಜು ನಿಲ್ಲುತ್ತದೆಯೋ ಬೀಳುತ್ತದೆಯೋ ಗೊತ್ತಾಗುತ್ತದೆ ಎಂದು ಪಾಕ್ಕಿನೆನ್ ಆ ಡಿಕ್ಕಿಗಳಿಗೆ ವರ್ಷಗಳ ಮೊದಲೇ ಬರೆದಿದ್ದರು. ಸೋಲಬಹುದಾದ ಪರೀಕ್ಷೆಯನ್ನು ತಮ್ಮ ಕೃತಿಗೆ ತಾವೇ ಸೂಚಿಸಿದ್ದಾರೆ. ಬಿಂದುಗಳು ಕೆಲವೇ ಇರುತ್ತವೆ, ಫೀನಿಕ್ಸ್ ಪಯಾನ್‌ಗಳಂತೆಯೇ.