ಸ್ಪೀಕರಿಗೆ ಮಣೆ ಹಾಕುವ ಮುನ್ನ

ಮನೆಗೆ ಬಂದವರಿಗೆ ಮಣೆ ಹಾಕುವುದು ನಮ್ಮ ಹಿರಿಯರ ಪದ್ಧತಿ. ಆ ಗೌರವ ಈಗ ಸ್ಪೀಕರುಗಳಿಗೂ ಸಲ್ಲತೊಡಗಿದೆ. ಅಡಿಗೊಂದು ದಪ್ಪ ಮರದ ಹಲಗೆ, ಹಲಗೆಯ ಅಡಿಗೆ ರಬ್ಬರಿನ ಇಲ್ಲವೆ ಸ್ಪ್ರಿಂಗಿನ ನಾಲ್ಕು ಪಾದಗಳು. ಇಷ್ಟಾದರೆ ಗಾಯಕರ ತಾನುಗಳು ಬಿಡಿಬಿಡಿಯಾಗಿ ಕೇಳುತ್ತವೆ, ಖರ್ಜ ತುಂಬಿ ಬರುತ್ತದೆ ಎಂಬುದು ಸಂಗೀತಪ್ರಿಯರಲ್ಲಿ ಹರಡಿರುವ ನಂಬಿಕೆ. ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ, ಗಂಗೂಬಾಯಿ ಹಾನಗಲ್ಲರು 2009ರಲ್ಲಿ, ಭೀಮಸೇನ ಜೋಶಿಯವರು 2011ರಲ್ಲಿ ತೆರಳಿದ ಮೇಲೆ ಆ ಕಂಠಗಳು ನಮಗೆ ಸಿಗುವುದು ಸ್ಪೀಕರಿನಿಂದ ಮಾತ್ರ. ಆದುದರಿಂದ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಪುಟ್ಟ ಕೋಣೆಗಳಲ್ಲಿ ಕುಳಿತು ಕೇಳುವ ನಾವು ಈ ನಂಬಿಕೆಯನ್ನು ಒಮ್ಮೆ ಒರೆಗೆ ಹಚ್ಚಬೇಕು. ದುಡ್ಡು ನಮ್ಮದು, ನಿದ್ದೆ ಕೆಳಗಿನ ಮನೆಯವರದು.

ಮಣೆಯ ಪರವಾದ ವಾದ ಪೊಳ್ಳಲ್ಲ. ಸ್ಪೀಕರಿನ ಶಂಕು ಗಾಳಿಯನ್ನು ಮುಂದಕ್ಕೆ ನೂಕಿದಾಗ ಪೆಟ್ಟಿಗೆಗೆ ಹಿಂದಕ್ಕೆ ನೂಕು ಬೀಳುತ್ತದೆ. ಆ ಅದುರು ಪೆಟ್ಟಿಗೆ ಕುಳಿತ ಜಾಗಕ್ಕೆ ಇಳಿಯುತ್ತದೆ. ಆ ಜಾಗ ತೆಳು ಪ್ಲೈವುಡ್ಡಿನ ಶೋಕೇಸಾಗಿದ್ದರೆ ಅದೂ ದನಿಗೂಡಿಸುತ್ತದೆ. ಗಾಜಿನ ಬಾಗಿಲು ಝಣಗುಟ್ಟುತ್ತದೆ. ಇಲ್ಲಿ ಭಾರವಾದ ಹಲಗೆಯೂ ಮೆತ್ತನೆಯ ಪಾದವೂ ನಿಜಕ್ಕೂ ಉಪಕಾರಿ. ಆದರೆ ನಮ್ಮ ಹೆಚ್ಚಿನ ಕಟ್ಟಡಗಳ ನೆಲ ಕಾಂಕ್ರೀಟಿನ ಚಪ್ಪಡಿ, ಮೇಲೆ ಟೈಲ್ಸು. ಹತ್ತು ಹನ್ನೆರಡು ಕಿಲೋ ತೂಕದ ಪೆಟ್ಟಿಗೆ ಅದನ್ನು ಕೋಣೆಯಲ್ಲಿ ಕೇಳುವಷ್ಟು ಅದುರಿಸುವುದು ಕಷ್ಟ. ಮರದ ನೆಲವಿರುವ ವಿದೇಶದ ಮನೆಗಳಿಗೆ ಹೇಳಿದ ಮದ್ದು ಇಲ್ಲಿ ಅಷ್ಟೇ ಗುಣ ಕೊಡದು.

ಪಾದಗಳ ವಿಚಾರದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಸ್ಪ್ರಿಂಗು ಭಾರಕ್ಕೆ 1 ಮಿಲಿಮೀಟರ್ ತಗ್ಗಿದರೆ ಅದರ ಸಹಜ ಕಂಪನ ಸೆಕೆಂಡಿಗೆ ಸುಮಾರು 16. 4 ಮಿಲಿಮೀಟರ್ ತಗ್ಗಿದರೆ 8. ಇದರ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನಷ್ಟೇ ಅದು ತಡೆಯಬಲ್ಲದು. ತನ್ನ ಸಹಜ ಕಂಪನದ ಬಳಿ ತಡೆಯುವ ಬದಲು ಹೆಚ್ಚಿಸುತ್ತದೆ. ಅಂದರೆ ಪಾದವು ಪೆಟ್ಟಿಗೆಯ ತೂಕಕ್ಕೆ ತಕ್ಕುದಾಗಿರಬೇಕು. ಭಾರ ಹೊತ್ತರೂ ಕೂದಲೆಳೆಯಷ್ಟೂ ತಗ್ಗದ ಗಟ್ಟಿ ರಬ್ಬರು, ಎಷ್ಟೇ ಬೆಲೆಯದಾದರೂ, ಕೆಳಸ್ವರಗಳ ಮಟ್ಟಿಗೆ ಬರಿಯ ಅಲಂಕಾರ. ತೀರ ಮೆತ್ತಗಾದರೆ ಎತ್ತರದ ಪೆಟ್ಟಿಗೆ ಓಲಾಡಿ ಮಕ್ಕಳ ಮೇಲೆ ಬೀಳುವ ಭಯ.

ಹಾಗಾದರೆ ಮಣೆ ಹಾಕಿದೊಡನೆ ಧ್ವನಿ ಬದಲಾಯಿತೆನ್ನುವವರು ಸುಳ್ಳು ಹೇಳುತ್ತಾರೆಯೆ? ಖಂಡಿತ ಇಲ್ಲ. ಬದಲಾದದ್ದು ನಿಜ, ಕಾರಣ ಬೇರೆ. ನೆಲದ ಮೇಲಿದ್ದ ಪೆಟ್ಟಿಗೆ ಒಂದಡಿ ಮೇಲೇರಿದರೆ ತಾರಸ್ವರಗಳ ಪುಟ್ಟ ಸ್ಪೀಕರು ಕುಳಿತವರ ಕಿವಿಯ ಮಟ್ಟಕ್ಕೆ ಹತ್ತಿರವಾಗುತ್ತದೆ. ತಂಬೂರಿಯ ಜವಾರಿ ಸ್ಪಷ್ಟವಾಗುತ್ತದೆ. ನೆಲ ಕೊಡುತ್ತಿದ್ದ ಕೆಳಸ್ವರಗಳ ಉಬ್ಬರವೂ ಇಳಿಯುತ್ತದೆ. ಇದು ಎತ್ತರದ ಮಹಿಮೆ, ತೇಗದ ಮಹಿಮೆಯಲ್ಲ. ಪರೀಕ್ಷೆ ಸುಲಭ. ಅಷ್ಟೇ ಎತ್ತರಕ್ಕೆ ಇಟ್ಟಿಗೆಗಳನ್ನು ಕಾಗದದಲ್ಲಿ ಸುತ್ತಿ ಜೋಡಿಸಿರಿ. ಬುಡಕ್ಕೆ ಬಟ್ಟೆ ಮರೆಮಾಡಿ, ಇಟ್ಟಿಗೆಯೋ ಹಲಗೆಯೋ ಎಂದು ತಿಳಿಸದೆ ಮನೆಯವರು ಬದಲಿಸಲಿ. ಧ್ವನಿಯ ಗುಂಡಿಯನ್ನು ಮುಟ್ಟದೆ ಒಂದೇ ಆಲಾಪವನ್ನು ಹತ್ತು ಬಾರಿ ಕೇಳಿರಿ. ಐದಾರು ಬಾರಿಯಷ್ಟೇ ಸರಿಯಾಗಿ ಗುರುತಿಸಿದರೆ ಅದು ನಾಣ್ಯ ಚಿಮ್ಮಿದ ಫಲ.

ಇನ್ನು ಕೋಣೆಯ ಮಾತು. 10 ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 56 ಕಂಪನದ ನಾದ ಬಲವಾಗಿ ನಿಲ್ಲುತ್ತದೆ. 9 ಅಡಿ ಎತ್ತರದ ಸೂರಿಗೆ ಇದು ಸುಮಾರು 62. ಬಿಳಿ ಒಂದರ ಶ್ರುತಿಗೆ ಗಂಡುದನಿಯ ತಂಬೂರಿಯ ಖರ್ಜದ ತಂತಿ ಸುಮಾರು 65. ಈ ಆಸುಪಾಸಿನ ನಾದವನ್ನು ಕೋಣೆಯೇ ಉಬ್ಬಿಸುತ್ತಿರುವಾಗ ಅಡಿಗೆ ಯಾವ ಮಣೆ ಹಾಕಿದರೇನು? ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ಎಳೆಯುವುದು, ಕುಳಿತ ಸೋಫಾವನ್ನು ಹಿಂಗೋಡೆಯಿಂದ ಸಾಧ್ಯವಾದಷ್ಟು ಸರಿಸುವುದು, ಇವಕ್ಕೆ ಬಿಡಿಕಾಸೂ ಬೇಡ, ಫಲ ದೊಡ್ಡದು.

ಮಣೆಗೆ ನಿಜವಾದ ಹಕ್ಕುದಾರ ಬೇರೆಯೇ ಇದೆ: ರೆಕಾರ್ಡ್ ಪ್ಲೇಯರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕರ ಗಾಡಿಯ ಸಂತತಿ ಈಗ ಕಲ್ಯಾಣದಾಚೆಗೂ ನಡುರಾತ್ರಿಯವರೆಗೆ ಓಡುತ್ತಿದೆ. ಹಳಿಯ ಮಗ್ಗುಲಿನ ಮನೆಯಲ್ಲಿ ಆ ನಡುಕ ಪ್ಲೇಯರಿನ ಸೂಜಿಗೂ ಮುಟ್ಟಬಹುದು. ಸ್ಪೀಕರನ್ನೂ ಅದೇ ಶೋಕೇಸಿನ ಮೇಲಿಟ್ಟರೆ ಅದರ ಅದುರು ಸೂಜಿಗೆ, ಸೂಜಿಯಿಂದ ಮತ್ತೆ ಸ್ಪೀಕರಿಗೆ ಸುತ್ತಿ ಹೂಂಕಾರವೇಳುತ್ತದೆ. ಮೊದಲ ಮಣೆ ಅದಕ್ಕಿರಲಿ.

ಸ್ಪೀಕರಿಗೆ ಹಾಕಿದ ಸರಿಯಾದ ಪಾದಗಳಿಂದ ಕೆಳಗಿನ ಮನೆಯವರಿಗೆ ತುಸು ನೆಮ್ಮದಿ ಸಿಕ್ಕೀತು, ಚಪ್ಪಡಿಗೆ ಇಳಿಯುವ ಅದುರು ತಗ್ಗುವುದರಿಂದ. ಆದರೆ ಕಿಟಕಿಯಿಂದ ಕಿಟಕಿಗೆ ಗಾಳಿಯಲ್ಲಿ ಹೋಗುವ ಸದ್ದನ್ನು ಯಾವ ಪಾದವೂ ತಡೆಯದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್‌ಗಳ ಮಿತಿ ಹಾಕಿವೆ. ಆ ಹೊತ್ತಿನಲ್ಲಿ ಗುಂಡಿಯನ್ನು ತಗ್ಗಿಸುವ ಬೆರಳಿಗಿಂತ ಉತ್ತಮ ಸಾಧನವಿಲ್ಲ.

ತೆಳು ಶೋಕೇಸಿಗೆ ಮಣೆ ಬೇಕು; ಕಾಂಕ್ರೀಟಿನ ಮೇಲೆ ಅಲುಗದ, ತಕ್ಕ ಎತ್ತರದ ಪೀಠ ಸಾಕು, ಬಡಗಿಯ ಬಳಿ ಉಳಿದ ಮರದ್ದಾದರೂ ಸರಿ. ಮಿಕ್ಕ ಹಣದಲ್ಲಿ ಎಳೆಯ ಗಾಯಕರೊಬ್ಬರನ್ನು ಕರೆಸಿ, ಧ್ವನಿವರ್ಧಕವಿಲ್ಲದೆ ಒಂದು ಮನೆಬೈಠಕ್ ನಡೆಸಬಹುದು. ಎದುರಿನಲ್ಲಿ ನುಡಿದ ತಂಬೂರಿಯನ್ನು ಬಲ್ಲ ಕಿವಿಗೆ ಮಾತ್ರ ಮನೆಯ ಪೆಟ್ಟಿಗೆಯ ತಪ್ಪು ಒಪ್ಪು ತಿಳಿದೀತು.