ಕಲಾಯಿಯವರಿಗೆ ಕೊಡುವ ರೊಕ್ಕ ದಂಡವಲ್ಲ

ಬೆಂಕಿ, ಚಿಟಿಕೆ ನವಸಾಗರ, ಒಂದು ಚೂರು ತವರ, ಒಂದು ಹಿಡಿ ಅರಳೆ. ಕಲಾಯಿಗೆ ಬೇಕಾದದ್ದು ಇಷ್ಟೇ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಮನೆಯ ಗ್ಯಾಸ್ ಒಲೆಯ ಮೇಲೇ ಮಾಡಿಕೊಳ್ಳಬಹುದಾದ ಕೆಲಸಕ್ಕೆ ಇನ್ನೊಬ್ಬರಿಗೆ ರೊಕ್ಕ ಯಾಕೆ ಎಣಿಸಬೇಕು? ಬಳ್ಳಾರಿ ಸೀಮೆಯಲ್ಲಿ ಹಿತ್ತಾಳೆ ಪಾತ್ರೆಯ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬರುತ್ತದೆ, ಕೇಳುವವರು ಹೆಚ್ಚಾಗಿ ಓದಿದವರೇ ಆಗಿರುತ್ತಾರೆ. ಸ್ವಾವಲಂಬನೆಯ ಹೆಸರಿನಲ್ಲಿ ಬರುವುದರಿಂದ ಈ ವಾದಕ್ಕೆ ಒಂದು ಗೌರವವೂ ಸಿಕ್ಕಿಬಿಟ್ಟಿದೆ. ನನಗೆ ಅದು ಪೂರ್ತಿ ತಪ್ಪು ವಾದ ಅನ್ನಿಸುತ್ತದೆ.

ಸ್ಟೀಲ್ ಬಂದಾಗ ನಮ್ಮ ಮನೆಗಳ ಬೋಗಾಣಿ, ತಪ್ಪಲೆ, ಕೊಡಗಳಲ್ಲಿ ಅರ್ಧ ಅಟ್ಟ ಸೇರಿದವು, ಇನ್ನರ್ಧ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಈಗ ಉಳಿದವು ಅಟ್ಟದಿಂದ ಕೆಳಗಿಳಿಯುತ್ತಿವೆ. ಒಳ್ಳೆಯದೇ. ಆದರೆ ಪಾತ್ರೆಯ ಜೊತೆಗೆ ಬರಬೇಕಿದ್ದ ಇನ್ನೊಂದು ವಿವೇಕ ಬರಲಿಲ್ಲ. ಹುಣಸೆಹಣ್ಣಿನ ಸಾರು, ಮೊಸರು, ಟೊಮೆಟೊ ಗೊಜ್ಜು ಬರೀ ಹಿತ್ತಾಳೆಯಲ್ಲಿ ನಿಂತರೆ ತಾಮ್ರವನ್ನು ಬಿಡಿಸಿಕೊಳ್ಳುತ್ತವೆ, ಹಸಿರು ಕಿಲುಬು ಏಳುತ್ತದೆ, ಉಂಡವರಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ಒಳಮೈಗೆ ತವರದ ತೆಳು ಪದರ ಕೊಡುವುದು. ಆ ಪದರ ಸರಿಯಾಗಿ ಕೂತರೆ ಪಾತ್ರೆ ಊಟಕ್ಕೆ ಯೋಗ್ಯ, ಇಲ್ಲದಿದ್ದರೆ ಅದು ಶೋಕೇಸಿನ ಸಾಮಾನು.

ಕೊಳಗಲ್ಲಿನಂಥ ಊರಿನಲ್ಲಿ ಬೇವಿನ ಮರದ ನೆರಳಲ್ಲಿ ನಡೆಯುವ ಕಲಾಯಿಯನ್ನು ಹತ್ತಿರ ಕೂತು ನೋಡಬೇಕು. ನೆಲದಲ್ಲಿ ಮೊಣಕೈ ಆಳದ ಗುಂಡಿ, ಅದರೊಳಗೆ ಇದ್ದಲು, ಪಕ್ಕಕ್ಕೆ ತಿದಿ ಅಥವಾ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ. ಪಾತ್ರೆಯನ್ನು ಮೊದಲು ಮರಳು, ಹುಣಸೆ ಹಾಕಿ ಉಜ್ಜಿ, ತೊಳೆದು, ಕೆಂಡದ ಮೇಲೆ ಇಕ್ಕಳದಲ್ಲಿ ಹಿಡಿದು ಸುತ್ತಿಸುತ್ತಾರೆ. ಎಲ್ಲೂ ನಿಲ್ಲಿಸುವುದಿಲ್ಲ. ಪಾತ್ರೆ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಅವರ ಹತ್ತಿರ ಮೀಟರಿಲ್ಲ. ತವರದ ಕಡ್ಡಿಯ ತುದಿಯನ್ನು ಒಳಮೈಗೆ ಸೋಕಿಸುತ್ತಾರೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಸೋಕಿಸಿದ ಕೂಡಲೇ ಅದು ನೀರಿನ ಹಾಗೆ ಓಡಿದರೆ ಕಾವು ಹದಕ್ಕೆ ಬಂತು ಎಂದರ್ಥ, ಮುದ್ದೆಯಾಗಿ ನಿಂತರೆ ಇನ್ನೂ ಬೇಕು, ಹಳದಿಗೆ ತಿರುಗಿದರೆ ಹೆಚ್ಚಾಯಿತು. ಹದ ಬಂದಾಗ ನವಸಾಗರ ಉದುರಿಸುತ್ತಾರೆ. ಬಿಸಿಗೆ ಅದು ಒಡೆದು ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಕಿಲುಬಿನ ಪೊರೆಯನ್ನು ಕಿತ್ತೊಯ್ಯುತ್ತದೆ. ಆ ಕ್ಷಣಕ್ಕೆ ಮಾತ್ರ ಹಿತ್ತಾಳೆ ತವರವನ್ನು ಹಿಡಿಯುತ್ತದೆ. ಅರಳೆಯ ಉಂಡೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಕಪ್ಪು ಪಾತ್ರೆ ಬೆಳ್ಳಿಯಾಗುತ್ತದೆ. ಕೂಡಲೇ ನೀರಿನ ತೊಟ್ಟಿಗೆ ಅದ್ದುತ್ತಾರೆ. ನೋಡುವವರಿಗೆ ಇದು ಎರಡು ನಿಮಿಷದ ಕೈಚಳಕ. ನಿಜವಾದ ಕೆಲಸ ಇರುವುದು ಕಾವಿನ ಅಂದಾಜಿನಲ್ಲಿ. ಅದನ್ನು ಯಾವ ವಿಡಿಯೋ ಕಲಿಸುತ್ತದೆ?

ಗ್ಯಾಸ್ ಒಲೆಯಲ್ಲಿ ಉರಿ ಬರ್ನರಿನ ಉಂಗುರದಲ್ಲಿ ಮಾತ್ರ ಬಡಿಯುತ್ತದೆ. ತಳದ ಒಂದು ಸುತ್ತು ಸುಡುತ್ತಿರುವಾಗ ಕಂಠದ ಹತ್ತಿರ ತವರ ಕರಗುವ ಕಾವೂ ಇರುವುದಿಲ್ಲ. ಹಾಗಾಗಿ ತಳದಲ್ಲಿ ತವರ ಸುಟ್ಟು ಹಳದಿಯಾಗುತ್ತದೆ, ಮೇಲೆ ಹಿಡಿಯದೆ ಗಂಟು ಕಟ್ಟುತ್ತದೆ. ಹಳೆಯ ಪಾತ್ರೆಯ ಹಿಡಿಕೆಗೋ ಕಂಠಕ್ಕೋ ಮೃದು ಬೆಸುಗೆ ಇದ್ದರೆ ಅದೂ ಕಳಚಿ ಕೈಗೆ ಬರುತ್ತದೆ. ನವಸಾಗರದ ಹೊಗೆಯಲ್ಲಿ ಅಮೋನಿಯ ಇದೆ, ಹೈಡ್ರೋಜನ್ ಕ್ಲೋರೈಡ್ ಇದೆ. ಮರದ ಕೆಳಗೆ ಅದು ಗಾಳಿಗೆ ಹೋಗುತ್ತದೆ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಅದು ಹೋಗುವುದು ಕಣ್ಣಿಗೆ, ಗಂಟಲಿಗೆ, ಪಕ್ಕದ ಕೋಣೆಯಲ್ಲಿ ಮಲಗಿದ ಕೂಸಿನ ಎದೆಗೆ.

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಮನೆಯಲ್ಲಿ ಮಾಡಹೊರಟವರಿಗೆ ಶುದ್ಧ ತವರ ಸುಲಭಕ್ಕೆ ಸಿಗುವುದಿಲ್ಲ, ಎಲೆಕ್ಟ್ರಿಕ್ ಅಂಗಡಿಯಲ್ಲಿ ಬೆಸುಗೆಯ ತಂತಿ ಸಿಗುತ್ತದೆ. ನೋಡಲು ತವರದಂತೆಯೇ ಬೆಳ್ಳಗೆ, ಬೆಲೆಯೂ ಕಡಿಮೆ, ಕರಗುವುದೂ ಬೇಗ. ಅದರಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಜಾತಿಯಲ್ಲಿ ನೂರಕ್ಕೆ 60 ಪಾಲು ತವರ, 40 ಪಾಲು ಸೀಸ. ಬೇಗ ಕರಗುವ ಗುಣ ಬಂದಿರುವುದೇ ಸೀಸದಿಂದ. ಸೀಸ ಹುಳಿಗೆ ಕರಗಿ ಸಾರಿಗೆ ಇಳಿಯುತ್ತದೆ, ದೇಹದಲ್ಲಿ ಶೇಖರವಾಗುತ್ತದೆ, ಬೆಳೆಯುವ ಮಕ್ಕಳ ಮಿದುಳಿಗೆ ಎಲ್ಲರಿಗಿಂತ ಹೆಚ್ಚು ಕೇಡು ಮಾಡುತ್ತದೆ. ಮನೆಯಲ್ಲೇ ಕಲಾಯಿ ಮಾಡಿ ಉಳಿಸಿದ ರೊಕ್ಕ ಹೀಗೆ ಊಟದ ತಟ್ಟೆಗೆ ಬರುವ ದಾರಿಯನ್ನು ಯಾರೂ ಯೋಚಿಸಿದಂತಿಲ್ಲ.

ಕಲಾಯಿಗೆ ಮುಂಚೆ ತಗ್ಗು ತೆಗೆಯುವ ಕೆಲಸವೊಂದಿರುತ್ತದೆ. ಕೊಡ ಬಿದ್ದು ನೆಗ್ಗಿದ್ದರೆ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಎಬ್ಬಿಸಬೇಕು. ಇದಂತೂ ಯಾರು ಬೇಕಾದರೂ ಮಾಡಬಹುದು ಎಂಬ ನಂಬಿಕೆ ಇನ್ನೂ ಗಟ್ಟಿ. ಹಿತ್ತಾಳೆಯ ಸ್ವಭಾವ ಬಲ್ಲವರು ಈ ಮಾತು ಆಡುವುದಿಲ್ಲ. ತಣ್ಣಗಿರುವಾಗ ಬಡಿದಷ್ಟೂ ಹಿತ್ತಾಳೆ ಬಿರುಸಾಗುತ್ತದೆ, ಒಳಗೆ ಬಿಗಿತ ಉಳಿಯುತ್ತದೆ. ಕಂಚುಗಾರರು ನಾಲ್ಕು ಪೆಟ್ಟು ಹಾಕಿ ಮತ್ತೆ ಬೆಂಕಿಗೆ ಹಿಡಿಯುವುದು ಆ ಬಿಗಿತ ಬಿಡಿಸಲಿಕ್ಕೆ. ಮಬ್ಬು ಬೆಳಕಿನಲ್ಲಿ ಮಾತ್ರ ಕಾಣುವಂಥ ಮಂದ ಕೆಂಪು ಬಂದರೆ ಲೋಹ ಮತ್ತೆ ಮೆದುವಾಗಿ ಮಾತು ಕೇಳುತ್ತದೆ.

ಬಂದೂಕಿನ ತೋಟಾ ತಯಾರಿಸುವವರಿಗೂ ಇದೇ ಪಾಠ. ತೋಟಾದ ಕೊಳವೆಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಬಿಲ್ಲೆಯನ್ನು ಅಚ್ಚಿನಲ್ಲಿ ಹಂತಹಂತವಾಗಿ ಎಳೆದು ಕೊಳವೆ ಮಾಡುತ್ತಾರೆ, ನಡುನಡುವೆ ಬೆಂಕಿ ತೋರಿಸುತ್ತಾರೆ. ಕೊನೆಗೆ ಕಂಠಕ್ಕಷ್ಟೇ ಕಾವು ಕೊಟ್ಟು ಮೆದು ಮಾಡಿ, ಸ್ಫೋಟದ ಒತ್ತಡ ತಡೆಯಬೇಕಾದ ತಳವನ್ನು ಬಿರುಸಾಗಿಯೇ ಬಿಡುತ್ತಾರೆ. ಅಮೆರಿಕದಂಥ ದೇಶಗಳಲ್ಲಿ, ಈಗ ತೋಟಾ ತಯಾರಾಗದ ಹಳೆಯ ರೈಫಲ್ ಇರುವವರು ಬೇರೆ ಅಳತೆಯ ಕೊಳವೆಗಳನ್ನು ಮನೆಯಲ್ಲೇ ಒತ್ತಿ ಹೊಂದಿಸಿಕೊಳ್ಳುವುದುಂಟು. ಒಂದು ತುದಿ ಮೆದು, ಇನ್ನೊಂದು ತುದಿ ಬಿರುಸು ಎಂಬ ಈ ಹದ ತಪ್ಪಿ ಕೊಳವೆ ಸೀಳಿಸಿಕೊಂಡು, ಕೊನೆಗೆ ಅದೇ ಕಸುಬಿನವರಿಗೆ ಹಣ ಕೊಟ್ಟು ಮಾಡಿಸಿಕೊಳ್ಳುವವರೂ ಅಲ್ಲಿ ಇದ್ದಾರೆ. ನಮ್ಮಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಪಾತ್ರೆಗೆ ಅಂಥ ಕಾನೂನಿಲ್ಲ, ಆದ್ದರಿಂದ ವಿವೇಕವೇ ಕಾನೂನಾಗಬೇಕು.

ತೋಟಾದ ಇನ್ನೊಂದು ಸಂಗತಿ ನಮ್ಮ ಮನೆಯ ಕೊಡಗಳಿಗೆ ನೇರವಾಗಿ ಸಂಬಂಧಿಸಿದ್ದು. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆಗಾಲ ಮುಗಿದು ತೆಗೆದು ನೋಡಿದರೆ ಯಾರೂ ಮುಟ್ಟದ ಕೊಳವೆಗಳು ಬಿರುಕು ಬಿಟ್ಟಿರುತ್ತಿದ್ದವು. ಹವೆಯ ದೋಷವೆಂದರು, ಲೋಹದ ದೋಷವೆಂದರು. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಇದರ ಗುಟ್ಟು ಬಿಡಿಸಿದರು. ಕುದುರೆಯ ಗಂಜಳದಿಂದ ಏಳುವ ಅಮೋನಿಯ, ಗಾಳಿಯ ತೇವ, ತಣ್ಣಗೆ ಎಳೆದ ಹಿತ್ತಾಳೆಯಲ್ಲಿ ಉಳಿದ ಬಿಗಿತ, ಈ ಮೂರೂ ಕೂಡಿದರೆ ಹಿತ್ತಾಳೆ ತಾನಾಗಿ ಸೀಳುತ್ತದೆ. ಬಳ್ಳಾರಿಯೂ ಆಗ ದಂಡು ಬೀಡುಬಿಟ್ಟಿದ್ದ ಊರು, ಕಂಟೋನ್ಮೆಂಟ್ ಎಂಬ ಹೆಸರು ಇವತ್ತಿಗೂ ರೈಲು ನಿಲ್ದಾಣದ ಮೇಲಿದೆ.

ಈಗ ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೆನಪು ಮಾಡಿಕೊಳ್ಳಿ. ತಲಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಪಡಸಾಲೆ. ಅದೇ ಸೂರಿನ ಕೆಳಗೆ ಅಟ್ಟದ ಮೇಲೆ ಕೊಡಗಳು. ಯಾರೋ ಮನೆಯಲ್ಲೇ ತಗ್ಗು ಬಡಿದು ಎತ್ತಿಟ್ಟ ಕೊಡ ಎರಡು ಮಳೆಗಾಲ ಕಳೆದು ಕಂಠದಲ್ಲಿ ಸೀಳು ಬಿಟ್ಟರೆ ಆಗಬೇಕಾದದ್ದೇ ಆಯಿತು. ಆದರೆ ಬಯ್ಗುಳ ಬೀಳುವುದು ಪಾತ್ರೆ ಮಾರಿದವರಿಗೆ, ಹಿತ್ತಾಳೆ ಕಲಬೆರಕೆ ಎಂದು. ಮನೆಯಲ್ಲೇ ಮಾಡಿದ ಕಲಾಯಿಯಲ್ಲೂ ಈ ತೊಂದರೆ ಅಡಗಿದೆ. ಕಲಾಯಿಯವರು ಪಾತ್ರೆಯನ್ನು ತೊಟ್ಟಿಗೆ ಅದ್ದುವಾಗ ನವಸಾಗರದ ಉಳಿಕೆ ತೊಳೆದುಹೋಗುತ್ತದೆ. ಬಟ್ಟೆಯಲ್ಲಿ ಒರೆಸಿಟ್ಟರೆ ಅದು ಸಂದಿಯಲ್ಲಿ ಕೂತು ತೇವ ಹೀರಿ, ಲಾಯದಲ್ಲಿ ಗಂಜಳ ಮಾಡಿದ ಕೆಲಸವನ್ನೇ ಮಾಡಬಲ್ಲದು.

ಎದುರು ವಾದದಲ್ಲಿ ಒಂದು ಮಾತಿಗೆ ಮಾತ್ರ ನಿಜವಾದ ಬಲ ಇದೆ. ಕಲಾಯಿಯವರೇ ಸೀಸ ಬೆರೆಸಿದರೆ? ಬೆರೆಸುವವರು ಇದ್ದಾರೆ, ಇಲ್ಲವೆನ್ನಲಾರೆ. ತವರ ದುಬಾರಿ, ಸೀಸ ಅಗ್ಗ, ಗಿರಾಕಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಇದಕ್ಕೆ ಉಪಾಯ ಕೆಲಸವನ್ನು ಕಿತ್ತುಕೊಳ್ಳುವುದರಲ್ಲಿ ಇಲ್ಲ, ಕೇಳಿ ನೋಡುವುದರಲ್ಲಿ ಇದೆ. ತವರದ ಕಡ್ಡಿ ತೋರಿಸಿ ಎಂದು ಕೇಳಿ. ಅದನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ಶುದ್ಧ ತವರ ಬಗ್ಗುವಾಗ ಕರಕರ ಎನ್ನುತ್ತದೆ, ಸೀಸ ಮೌನವಾಗಿ ಬಗ್ಗುತ್ತದೆ. ಕಡ್ಡಿಯನ್ನು ಬಿಳಿ ಕಾಗದದ ಮೇಲೆ ಎಳೆಯಿರಿ. ಸೀಸ ಹೆಚ್ಚಿದ್ದರೆ ಪೆನ್ಸಿಲಿನಂತೆ ಬೂದು ಗೆರೆ ಮೂಡುತ್ತದೆ. ಪ್ರಾಮಾಣಿಕ ಕಸುಬಿನವರು ಇಂಥ ಪರೀಕ್ಷೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ತಾವೇ ಬಗ್ಗಿಸಿ ಕೇಳಿಸುತ್ತಾರೆ.

ಚೌಕಾಸಿಯ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. "ಏನಣ್ಣಾ, ಎರಡು ನಿಮಿಷದ ಕೆಲಸಕ್ಕೆ ಇಷ್ಟು ರೊಕ್ಕಾನಾ?" ಎಂದು ಕೇಳುತ್ತೇವೆ. "ತವರದ ರೇಟು ಕೇಳ್ರಿ ಯಕ್ಕಾ, ಆಮ್ಯಾಲೆ ಮಾತಾಡ್ರಿ" ಎಂದು ಅವರು ಇದ್ದಲು ಕೆದಕುತ್ತಾರೆ. ಇದೇ ಸಿರುಗುಪ್ಪ, ಕುರುಗೋಡು ಕಡೆಯ ರೈತರು ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ವೈಂಡಿಂಗ್ ಅಂಗಡಿಗೆ ಹೊತ್ತೊಯ್ದು, ಕೇಳಿದಷ್ಟು ಕೊಟ್ಟು ತರುತ್ತಾರೆ. ತಂತಿ ಸುತ್ತುವುದು ಯಾವ ಮಹಾ ವಿದ್ಯೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಂಗಡಿಗೆ ಬೋರ್ಡು ಇದೆ, ವಿದ್ಯುತ್ತಿನ ಭಯ ಇದೆ. ಮರದ ಕೆಳಗೆ ಕೂತವರಿಗೆ ಬೋರ್ಡಿಲ್ಲ, ಅವರ ಬೆಂಕಿ ನಮಗೆ ಪರಿಚಯದ ಬೆಂಕಿ, ಆದ್ದರಿಂದ ಅವರಲ್ಲಿ ವಿದ್ಯೆಯೂ ಇಲ್ಲವೆಂದು ತೀರ್ಮಾನಿಸಿಬಿಟ್ಟಿದ್ದೇವೆ. ಮಕ್ಕಳು ಈ ಕಸುಬಿಗೆ ಬರುವುದಿಲ್ಲ ಎಂದು ಕಲಾಯಿಯವರು ಹೇಳಿದರೆ ಅದರಲ್ಲಿ ನಮ್ಮ ಚೌಕಾಸಿಯ ಪಾಲೂ ಇದೆ.

ಮನೆಯವರು ಮಾಡಬೇಕಾದ ಕೆಲಸ ಬೇರೆ ಇದೆ, ಅದನ್ನು ಸರಿಯಾಗಿ ಮಾಡುವವರು ಕಡಿಮೆ. ಕಲಾಯಿ ಪಾತ್ರೆಯನ್ನು ಸ್ಟೀಲ್ ನಾರಿನಲ್ಲಿ ತಿಕ್ಕಬೇಡಿ, ತೆಂಗಿನ ನಾರು ಸಾಕು. ಬರಿದಾದ ಪಾತ್ರೆಯನ್ನು ಉರಿಯ ಮೇಲೆ ಇಡಬೇಡಿ, 232 ಡಿಗ್ರಿ ಅಲ್ಲಿ ಬಹಳ ಬೇಗ ಬರುತ್ತದೆ, ತವರ ಜಾರಿ ತಳಕ್ಕೆ ಇಳಿಯುತ್ತದೆ. ಎಣ್ಣೆ ಹೊಗೆಯೇಳುವಂಥ ಒಗ್ಗರಣೆ ಬಾಣಲೆಯಲ್ಲಿ ಆಗಲಿ. ಸೌಟು ಮರದ್ದಿರಲಿ. ಒಳಗೆ ಹಿತ್ತಾಳೆಯ ಬಣ್ಣ ಇಣುಕಿದ ದಿನವೇ ಹುಳಿ ಅಡುಗೆ ನಿಲ್ಲಿಸಿ.

ಕಲಾಯಿಯವರು ಈಗ ಊರಿಗೇ ಬರುವುದಿಲ್ಲ ಎನ್ನುತ್ತೀರಿ. ನಾಲ್ಕು ಪಾತ್ರೆಗೆ ಇದ್ದಲು ಹೊತ್ತಿಸಿದರೆ ಯಾರಿಗೂ ಗಿಟ್ಟುವುದಿಲ್ಲ, ಅವರು ಬಾರದಿರುವುದು ಅದಕ್ಕೇ. ಈ ಯುಗಾದಿಗೆ ಮುಂಚೆ ನಿಮ್ಮ ಓಣಿಯ ಪಾತ್ರೆಗಳನ್ನೆಲ್ಲ ಒಂದು ಕಡೆ ಕೂಡಿಸಿ, ಗುಡಿಯ ದಾಸೋಹದ ಕೊಪ್ಪರಿಗೆಗಳನ್ನೂ ಸೇರಿಸಿ, ದಿನ ಗೊತ್ತು ಮಾಡಿ ಬಳ್ಳಾರಿಯಿಂದಾದರೂ ಕಲಾಯಿಯವರನ್ನು ಕರೆಸಿ. ತವರ ಬಗ್ಗಿಸಿ ಕೇಳಿ, ಆಮೇಲೆ ಅವರು ಹೇಳಿದ ರೊಕ್ಕವನ್ನು ಪೂರ್ತಿ ಕೊಡಿ.